ಬಿಟ್ಟು ಬಂದದ್ದು

ಗರ್ಭಗುಡಿಯ ಮುಂದೆ ಎಲ್ಲರೂ ದೇವರಿಗೆ ಕೈಮುಗಿಯುತ್ತಿದ್ದರೆ ವ್ಯಾನ್ ಮಾಮ ಮಾತ್ರ ಎಡಗಡೆಯ ಕಂಬದ ಹತ್ತಿರ ನಿಂತಿದ್ದ ಪೊಲೀಸಿನವನಿಗೆ ಕೈಮುಗಿದು, ಕಣ್ಣು ಮುಚ್ಚಿ, ಭಕ್ತಿಯಿಂದ ತುಟಿ ಅಲ್ಲಾಡಿಸತೊಡಗಿದ. ಪೊಲೀಸಿನವನು ಗಲಿಬಿಲಿಗೊಂಡು ಎರಡು ಹೆಜ್ಜೆ ಆಚೆ ಸರಿದ. ಮಾಮನ ಪ್ರಾರ್ಥನೆ ಬರಿಯ ಕಂಬಕ್ಕೆ ಮುಂದುವರಿಯಿತು. ಹೆಂಡತಿ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮರುಗಳಿಗೆಯಲ್ಲಿ ಆ ನಗು ನಿಂತುಹೋಯಿತು.

ಬಿಸಿಲಿನಿಂದ ಕತ್ತಲಿಗೆ ಬಂದಾಗ ಯಾರಿಗಾದರೂ ಕಣ್ಣು ಮಂಜಾಗುವುದುಂಟು. ಆದರೆ ಸಾಲು ಒಳಗೆ ಬಂದು ಬಹಳ ಹೊತ್ತಾಗಿತ್ತು. ದೀಪದ ಬೆಳಕಲ್ಲಿ ದೇವರ ಕಿರೀಟ, ತಲೆತಲಾಂತರದಿಂದ ಅಭಿಷೇಕ ಮಾಡಿಸಿಕೊಂಡು ಸವೆದುಹೋದ ಮೂಗು, ಎಲ್ಲ ಅವಳಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಹಾಗಾದರೆ ಮೊನ್ನೆ ವ್ಯಾನಿನ ಪಕ್ಕದ ಕನ್ನಡಿ ಒಡೆದದ್ದು ಗೇಟಿನ ತಪ್ಪಲ್ಲ. ನಡುಮನೆಯಲ್ಲಿ ಬಕೆಟ್ಟು ಎಡವಿ ಮನೆಯವರ ಮೇಲೆಲ್ಲ ಹರಿಹಾಯ್ದದ್ದೂ ಸುಮ್ಮನೆಯಲ್ಲ. ಈ ದಿನ ಬೆಳಿಗ್ಗೆ ದಾರಿಯಲ್ಲಿ ಗಕ್ಕನೆ ಬ್ರೇಕು ಹಾಕಿ, ದನ ಅಡ್ಡ ಬಂತು ಎಂದಿದ್ದ. ಆ ದನವನ್ನು ವ್ಯಾನಿನಲ್ಲಿದ್ದವರು ಯಾರೂ ನೋಡಿರಲಿಲ್ಲ.

ಅವನು ಓಡಿಸುವುದು ಶಾಲೆಯ ವ್ಯಾನು. 'ವ್ಯಾನ್ ಮಾಮ' ಎಂದು ಹೆಸರಿಟ್ಟದ್ದೂ ಆ ಶಾಲೆಯ ಮಕ್ಕಳೇ. ನಾಳೆ ಬೆಳಗಾದರೆ ಅವು ತಮ್ಮ ತಮ್ಮ ಮನೆ ಬಾಗಿಲಲ್ಲಿ ನಿಂತು, ಇವನ ಹಾರ್ನು ಕೇಳಿದ ಕೂಡಲೇ ಓಡಿ ಬಂದು ಹತ್ತಿಕೊಳ್ಳುತ್ತವೆ. ಕಣ್ಣಿನ ಡಾಕ್ಟರ ಮಾತೆತ್ತಿದರೆ, ನನ್ನ ಕೈಗೇ ಕಣ್ಣಿದೆ ಹೋಗೇ ಎಂದು ಊಟ ಬಿಟ್ಟು ಏಳುವ ಆಸಾಮಿ ಇವನು. ಜೊತೆಗೆ ಬಂದಿದ್ದ ಮಗಳು ಅಳಿಯನ ಎದುರು ಹೇಳಿದರಂತೂ ಹಠಕ್ಕೆ ಬಿದ್ದು ಇನ್ನೂ ಜೋರಾಗಿ ಓಡಿಸಿಯಾನು.

ಆ ಕ್ಷೇತ್ರಕ್ಕೆ ಬಂದವರು ತಮಗೆ ಬಲು ಇಷ್ಟವಾದ ಒಂದನ್ನು ಅಲ್ಲೇ ಬಿಟ್ಟುಹೋಗಬೇಕು ಎಂಬುದು ಹಿಂದಿನಿಂದ ಬಂದ ಮಾತು. ದರ್ಶನ ಮುಗಿಸಿ ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತಾಗ ಅದೇ ಮಾತು ಬಂತು. ಅಳಿಯ ಹಾಗಲಕಾಯಿ ಬಿಟ್ಟೆನೆಂದು ಘೋಷಿಸಿದ. ಹಾಗಲಕಾಯಿ ನಿಮ್ಮನ್ನು ಯಾವತ್ತೋ ಬಿಟ್ಟಿದೆ ಎಂದು ಮಗಳು ಗಂಡನ ಕಾಲೆಳೆದು, ತಾನು ಅಪರೂಪಕ್ಕೆ ಕುಡಿಯುವ ಟೀ ಬಿಟ್ಟಳು. ಆಮೇಲೆ ಅಮ್ಮನ ಕಡೆ ತಿರುಗಿದಳು.

"ನಾನು ನಿಮ್ಮಪ್ಪ ಓಡಿಸೋ ಗಾಡೀಲಿ ಕೂತ್ಕೊಳ್ಳೋದನ್ನ ಬಿಟ್ಟೆ," ಎಂದಳು ಅಮ್ಮ.

ಮಗಳು ನಕ್ಕಳು. ಅಮ್ಮ ನಗಲಿಲ್ಲ. ಅಲ್ಲಿ ಕುಳಿತವರಲ್ಲಿ ನಿಜವಾಗಿ ಇಷ್ಟವಾದದ್ದನ್ನು ಬಿಟ್ಟವಳು ಅವಳೊಬ್ಬಳೇ. ಎಷ್ಟೇ ಜಗಳವಾಡಿರಲಿ, ಮಕ್ಕಳನ್ನು ಇಳಿಸಿ ಖಾಲಿ ವ್ಯಾನು ಹೊರಟಾಗ ತರಕಾರಿಯ ನೆಪ ಹೇಳಿ ಮುಂದಿನ ಸೀಟಿಗೆ ಹತ್ತಿ ಕೂರುತ್ತಿದ್ದವಳು. ಮಾಮನ ಮುಖ ಕೆಂಪಗಾಯಿತು. ದೇವರ ಹತ್ತಿರವೂ ಹುಡುಗಾಟವೇ ಎಂದು ರೇಗಿ ಎದ್ದವನು ಮೆಟ್ಟಿಲು ತಪ್ಪಿ ತೂರಾಡಿದ. ಅವಳು ತಟ್ಟನೆ ತೋಳು ಹಿಡಿದು, ನೀರು ಮುಟ್ಟಿ ಬರೋಣವೆಂದು ಕೆಳಗೆ ಕರೆದುಕೊಂಡು ಹೋದಳು.

"ದೇವರು ಬಲಗಡೆ ಇದ್ದ ಕಣ್ರೀ," ಎಂದಳು, ಮೇಲಿದ್ದವರಿಗೆ ಕೇಳಿಸದ ಹಾಗೆ.

ಮಾಮ ಕಲ್ಲಿನ ಅಂಚನ್ನು ಕೈಯಿಂದ ಸವರಿ ನೋಡಿಕೊಂಡು ನಿಧಾನವಾಗಿ ಕುಳಿತ. ಅವನ ಕೋಪ ಇಳಿದುಹೋದದ್ದನ್ನು ನೋಡಿ ಅವಳಿಗೆ ಅಳು ಬಂತು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು.

"ನಾಳೆ ಮಕ್ಕಳು ಕಾಯ್ತಾವಲ್ಲೇ."

"ಅದಕ್ಕೇ ಹೇಳ್ತಿರೋದು."

ಮಾಮ ನೀರಿಗೆ ಕೈ ಅದ್ದಿ ಮುಖ ಒರೆಸಿಕೊಂಡ. "ಮಗಳಿಗೆ ಗೊತ್ತಾಗೋದು ಬೇಡ," ಎಂದ. ಅವಳು ಹೂಂ ಎಂದಳು.

ಮೇಲೆ ಬಂದವನೇ, ನಿಮ್ಮಮ್ಮನ ಹರಕೆ ನನ್ನ ಅನ್ನಕ್ಕೇ ಸಂಚಕಾರ ತಂತು ನೋಡು ಎಂದು ಗೊಣಗುತ್ತಾ ಮಗಳ ಕೈಗೆ ಕೀಲಿ ಕೊಟ್ಟ. ಕ್ಲಚ್ಚು ಸ್ವಲ್ಪ ಗಟ್ಟಿ, ಮೆತ್ತಗೆ ಬಿಡು ಎಂದೂ ಹೇಳಿದ. ಅವಳು ಅಪ್ಪನ ಹತ್ತಿರವೇ ಡ್ರೈವಿಂಗ್ ಕಲಿತವಳು, ಖುಷಿಯಾಗಿಯೇ ಸ್ಟೇರಿಂಗ್ ಹಿಡಿದಳು. ಮಾಮ ಹಿಂದೆ, ಮಕ್ಕಳ ಪುಟ್ಟ ಸೀಟಿನಲ್ಲಿ, ಮೊಣಕಾಲು ಮಡಚಿಕೊಂಡು ಹೆಂಡತಿಯ ಪಕ್ಕ ಕುಳಿತ. ಅಲ್ಲಿಂದಲೇ ಉಪದೇಶ ಶುರುವಾಯಿತು. ಗೇರು ಇಳಿಸು, ಹಾರ್ನು ಮಾಡು, ತಿರುವಿನಲ್ಲಿ ಓವರ್‌ಟೇಕ್ ಮಾಡಬೇಡ. ಮಗಳು ಎಲ್ಲದಕ್ಕೂ ಹೂಂಗುಟ್ಟುತ್ತಿದ್ದಳು. ಅಳಿಯ ಮುಂದಿನ ಸೀಟಿನಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ.

ಅರ್ಧ ದಾರಿ ಕಳೆದಿರಬೇಕು, ಹಿಂದಿನಿಂದ ಮಾಮನ ದನಿ ಬಂತು. "ಲೈಟ್ ಹಾಕಮ್ಮ. ಪೂರ್ತಿ ಕತ್ತಲಾಯ್ತು."

ಮಗಳಿಗೆ ಅರ್ಥವಾಗಲಿಲ್ಲ. ಸಂಜೆಯ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಅದನ್ನು ತಡೆಯಲು ಅವಳು ಒಂದು ಕೈಯನ್ನು ಹಣೆಗೆ ಅಡ್ಡ ಹಿಡಿದುಕೊಂಡಿದ್ದಳು. ಅಪ್ಪ ತಮಾಷೆ ಮಾಡುತ್ತಿದ್ದಾನೆಂದು ಕನ್ನಡಿಯಲ್ಲಿ ನೋಡಿದಳು. ಅಪ್ಪ ಅವಳ ಉತ್ತರಕ್ಕೆ ಕಾಯುತ್ತಿದ್ದ. ಅಮ್ಮ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಿಟಕಿಯಾಚೆ ಮುಖ ತಿರುಗಿಸಿದ್ದಳು.

"ಹಾಕ್ದೆ ಅಪ್ಪಾ," ಎಂದು ಮಗಳು ಲೈಟು ಹಾಕಿದಳು.

ಎದುರಿಗೆ ಬಂದ ಲಾರಿಯವರು ಒಬ್ಬೊಬ್ಬರಾಗಿ ಕೈ ಹೊರಗೆ ಚಾಚಿ, ಹಗಲಲ್ಲೇ ಲೈಟು ಉರಿಯುತ್ತಿದೆ ಎಂದು ಸನ್ನೆ ಮಾಡಿದರು. ಅವಳು ಎಲ್ಲರಿಗೂ ತಲೆಯಾಡಿಸಿದಳು, ಆರಿಸಲಿಲ್ಲ.