ಶೇರವಾನಿಯ ಬೆಳ್ಳಿ ಗುಂಡಿ

ಕೆಂಪು ಬಾಳೆಹಣ್ಣಿನ ಸಿಪ್ಪೆ ಸುಲಿದಾಗಲೆಲ್ಲ ನನಗೆ ಈಗಲೂ ಕಮಲಾಪುರದ ಆ ದೀಪಾವಳಿಯ ಮಧ್ಯಾಹ್ನ ನೆನಪಾಗುತ್ತದೆ.

ಕಲಬುರ್ಗಿಯ ಕಚೇರಿಯಲ್ಲಿ ಅಪ್ಪನ ಗುಮಾಸ್ತಿಕೆ ಹೋಗಿ ಎರಡು ತಿಂಗಳಾಗಿತ್ತು. ಹಬ್ಬಕ್ಕೆಂದು ಅವ್ವನ ತವರಿಗೆ ಬಂಡಿಯಲ್ಲಿ ಹೋಗುವಾಗ ಅವ್ವ ನನ್ನ ಕಿವಿಯಲ್ಲಿ, "ಆಯಿ ಮುಂದ ನೌಕರಿ ಮಾತು ತೆಗಿಬ್ಯಾಡವ್ವಾ," ಎಂದಿದ್ದಳು. ಆಯಿ ಎಂದರೆ ಅವ್ವನ ತಾಯಿ. ಅಪ್ಪ ಕಚೇರಿಯ ಕಪ್ಪು ಶೇರವಾನಿಯನ್ನೇ ತೊಟ್ಟಿದ್ದರು.

ಹಬ್ಬದ ದಿನ ಬೆಳಿಗ್ಗೆ ಎಣ್ಣೆಸ್ನಾನವಾದ ಮೇಲೆ ಆಯಿ ಅಳಿಯನಿಗೆ ಆರತಿ ಬೆಳಗಿದಳು. ಆರತಿಯ ತಾಟಿನಲ್ಲಿ ಅಳಿಯ ಏನಾದರೂ ಹಾಕುವುದು ಪದ್ಧತಿ. ಅಪ್ಪನ ಕೈ ಕಿಸೆಯಲ್ಲಿ ತಡಕಾಡಿ ಬರಿದೇ ಹೊರಗೆ ಬಂತು. ಆಮೇಲೆ ಅವರು ಶೇರವಾನಿಯ ಕೊರಳಿನ ಬೆಳ್ಳಿ ಗುಂಡಿಯನ್ನು ಕಿತ್ತು ತಾಟಿನಲ್ಲಿಟ್ಟರು.

"ಕಚೇರಿ ಸಾಹೇಬ್ರು ಬೆಳ್ಳಿಗಿಂತ ಕೆಳಗ ಇಳಿಯಂಗಿಲ್ಲ ನೋಡ್ರಿ!" ಎಂದು ಸೋದರಮಾವ ನಕ್ಕ. ಆಯಿ ನಗಲಿಲ್ಲ.

ಮಧ್ಯಾಹ್ನ ಅಪ್ಪ ಪಡಸಾಲೆಯಲ್ಲಿ ಮಲಗಿದ್ದಾಗ ಆಯಿ ನನ್ನ ಕೈಗೊಂದು ಕೆಂಪು ಬಾಳೆಹಣ್ಣು ಕೊಟ್ಟು, ಗೂಟದ ಮೇಲಿದ್ದ ಶೇರವಾನಿ ತರಿಸಿಕೊಂಡಳು. ಅದರ ಮೊಳಕೈ ಸವೆದು ಮಿರುಗುತ್ತಿತ್ತು. ಸೂಜಿಗೆ ನಾನೇ ದಾರ ಪೋಣಿಸಿಕೊಟ್ಟೆ.

"ನಿಮ್ಮಪ್ಪ ಕಚೇರಿಗಿ ಎಷ್ಟೊತ್ತಿಗಿ ಹೋಗ್ತಾರವ್ವಾ?"

"ಹತ್ತಕ್ಕ," ಎಂದೆ. ಅರ್ಧ ಸುಲಿದ ಹಣ್ಣಿನ ಸಿಪ್ಪೆಯನ್ನು ಮತ್ತೆ ಮೇಲಕ್ಕೆ ಮಡಚಿದೆ.

"ಹಂಗಾದ್ರ ಗುಂಡಿ ಗಟ್ಟಿ ಇರಬೇಕು," ಎನ್ನುತ್ತ ಆಯಿ ಆ ಬೆಳ್ಳಿ ಗುಂಡಿಯನ್ನೇ ಮತ್ತೆ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದಳು.

ಮರುದಿನ ಹೊರಡುವಾಗ ಅಪ್ಪ ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತ ಕೊರಳಿಗೆ ಬಂದಾಗ, ಆ ಬೆಳ್ಳಿ ಗುಂಡಿ ಬೆರಳಿಗೆ ಸಿಕ್ಕು ಹಾಗೇ ನಿಂತರು. ಬಂಡಿ ಕಲಬುರ್ಗಿ ಮುಟ್ಟುವ ತನಕ ಅವರು ಆ ಗುಂಡಿಯ ಮೇಲಿನ ಕೈ ತೆಗೆಯಲಿಲ್ಲ.