ಈಥರ್ ಬಾಟಲಿಯ ಚೀಟಿ

ಔಷಧ ಕಾರ್ಖಾನೆಯ ಉಗ್ರಾಣಕ್ಕೆ ವಾರ್ಷಿಕ ತಪಾಸಣೆಗೆ ಬಂದಿದ್ದ ಸುರಕ್ಷತಾ ಅಧಿಕಾರಿಯನ್ನು, ಅಲ್ಲಿ ಬಾಟಲಿ ಒರೆಸುವ ನೀಲವ್ವ ತಡೆದು ನಿಲ್ಲಿಸಿದಳು.

"ಸರ್, ಈ ಈಥರ್ ಬಾಟ್ಲಿ ಮುಚ್ಚಳದ ಸುತ್ತ ಬೆಳ್ಳಗ ಕಲ್ಲುಸಕ್ರಿಯಂಗ ಹರಳು ಕಟ್ಯಾವ್ರಿ. ನಮ್ಮ ಸಾಹೇಬ್ರಿಗೆ ಹೇಳಿದ್ರ ಸುಮ್ಮನಿರು ಅಂತಾರ್ರಿ."

ಉಗ್ರಾಣದ ಮುಖ್ಯಸ್ಥ ಜಿನೇಂದ್ರಪ್ಪ ನೆಲ ನೋಡುತ್ತ ನಿಂತರು.

ಅಧಿಕಾರಿ ಬಗ್ಗಿ ನೋಡಿದರು. "ತೆರೆದು ವರ್ಷಗಟ್ಟಲೆ ಇಟ್ಟ ಈಥರಿಗೆ ಹೀಗೇ ಹರಳು ಕಟ್ಟುತ್ತಮ್ಮ. ಆಗ ಮುಚ್ಚಳ ತಿರುಗಿಸಿದರೂ ಸಾಕು, ಬಾಂಬಿನ ಹಾಗೆ ಸಿಡಿಯುತ್ತೆ." ಆಮೇಲೆ ಬಾಟಲಿಯ ಮೇಲಿನ ಚೀಟಿ ಓದಿ ನಿರಾಳವಾದರು. "ಇದನ್ನು ತೆರೆದು ಬರೀ ಎರಡು ತಿಂಗಳಾಗಿದೆ. ತಾರೀಖಿದೆ, ಸಹಿಯೂ ಇದೆ. ಅದೇನೋ ಧೂಳಿರಬೇಕು. ಜಿನೇಂದ್ರಪ್ಪನವರೇ, ನೀವು ತಾರೀಖು ಬರೆದಿಡೋ ಶಿಸ್ತನ್ನ ನಾನು ಹೋದಲ್ಲೆಲ್ಲ ಹೇಳ್ತೀನಿ."

ಜಿನೇಂದ್ರಪ್ಪನವರ ಕಿವಿ ಕೆಂಪಾಯಿತು. ತಲೆ ಇನ್ನಷ್ಟು ತಗ್ಗಿತು.

"ಹಂಗಾರ ಹೆದರಿಕಿಲ್ಲ ಬಿಡ್ರಿ," ನೀಲವ್ವ ನಕ್ಕಳು. "ನಮ್ಮ ಸಾಹೇಬ್ರು ಬರದದ್ದು ಎಂದೂ ಸುಳ್ಳಾಗೂದಿಲ್ಲ. ಮುಚ್ಚಳ ತಗದು ಒರಸಿಬಿಡ್ತೀನಿ."

ಅವಳು ಕೈ ಚಾಚಿದಳು.

"ಮುಟ್ಟಬ್ಯಾಡ ನೀಲವ್ವ!"

ಉಗ್ರಾಣವೇ ಬೆಚ್ಚಿತು. ಅಧಿಕಾರಿ ತಿರುಗಿದರು. "ಯಾಕ್ರೀ? ಎರಡೇ ತಿಂಗಳಲ್ವಾ?"

ಜಿನೇಂದ್ರಪ್ಪ ಇಬ್ಬರ ಮುಖವನ್ನೂ ನೋಡಲಿಲ್ಲ.

"ತಪಾಸಣಿಗೊಂದರಂಗ, ಆ ಚೀಟಿ ಕೆಳಗ ಇನ್ನೂ ನಾಕು ಚೀಟಿ ಅದಾವ್ರಿ ಸರ್."