ಮಾತಾಡಿಸದೆ ಹೋದ ಹುಡುಗಿ

ಬೆಳಿಗ್ಗೆ ಏಳೂವರೆಗೆ ಸಾತು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಟಗರು ಕಟ್ಟಿದ್ದ ಹಿತ್ತಲಿನ ಬಾಗಿಲಿಂದ ಮೆಲ್ಲಗೆ ಹೊರಗೆ ಜಾರಿಕೊಂಡಳು. ಅಂಗಳ ಗುಡಿಸುತ್ತಿದ್ದ ಮನೆಯ ಸೊಸೆ ಅಸ್ತು ಅದನ್ನು ನೋಡಿದಳು. ಪೊರಕೆ ಅಲ್ಲೇ ಬಿಸಾಕಿ ಒಳಗೆ ಓಡಿದಳು.

“ಅತ್ತೆ! ಆ ಹುಡುಗಿ ಯಾರನ್ನೂ ಮಾತಾಡಿಸದೆ ಹೋಗ್ಬಿಟ್ಲು!”

ಫಿನ್‌ಲೆಂಡಿನಿಂದ ಸೆನೆಗಾಲಿಗೆ ಓದಲು ಬಂದ ಸಾತು, ತಿಯೆಸ್ ಊರಿನ ದಿಬೋರ್ ಅಜ್ಜಿಯ ಮನೆಯಲ್ಲಿ ಉಳಿದುಕೊಂಡು ನಾಲ್ಕು ತಿಂಗಳಾಗಿತ್ತು. ಮನೆಯಲ್ಲಿ ಹದಿನೇಳು ಜನ. ಹೊರಗೆ ಹೋಗುವ ಮುಂಚೆ ಒಬ್ಬೊಬ್ಬರ ಕೈಯನ್ನೂ ಹಿಡಿದು, ಶಾಂತಿಯಿಂದ ಎದ್ದೆಯಾ, ಶಾಂತಿಯೇ, ಊರಲ್ಲಿ ಅಪ್ಪ ಹೇಗಿದ್ದಾರೆ, ಅಮ್ಮ ಹೇಗಿದ್ದಾರೆ, ಎಂದು ಕೇಳಿ, ಕೇಳಿಸಿಕೊಂಡು ಮುಗಿಸುವಷ್ಟರಲ್ಲಿ ಮುಕ್ಕಾಲು ಗಂಟೆ. ಅಜ್ಜಿಯ ಕಿರಿಮಗ ಲತೀರನಂತೂ ಅವಳ ಊರಿನ ನಾಯಿಯ ಕ್ಷೇಮವನ್ನೂ ವಿಚಾರಿಸದೆ ಬಿಡುತ್ತಿರಲಿಲ್ಲ. ಹೋದ ತಿಂಗಳು ಹೀಗೇ ತಡವಾಗಿ, ಅವಳು ಹೋಗುವ ಹೊತ್ತಿಗೆ ಪರೀಕ್ಷೆಯ ಕೋಣೆಯ ಬಾಗಿಲು ಮುಚ್ಚಿತ್ತು. ಇವತ್ತು ಎಂಟಕ್ಕೆ ಮರುಪರೀಕ್ಷೆ. ಇದೂ ತಪ್ಪಿದರೆ ವರ್ಷವೇ ಹೋಯಿತು, ಗಂಟುಮೂಟೆ ಕಟ್ಟಿ ಊರಿಗೆ ಹೋಗಬೇಕಾದದ್ದೇ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಅಷ್ಟೂ ಜನ ಒಬ್ಬರಾದ ಮೇಲೆ ಒಬ್ಬರು ಕೈಯೆತ್ತಿ ಪ್ರಾರ್ಥನೆ ಮಾಡಿ ಕಳಿಸುತ್ತಿದ್ದರು.

ದಿಬೋರ್ ಅಜ್ಜಿಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು? ಮಾತಾಡಿಸದೆ ಹೋದವರು ಮುನಿಸಿಕೊಂಡು ಹೋದರು ಎಂದೇ ಅರ್ಥ. ಅವಳ ಅತ್ತೆಯ ಕಾಲದಿಂದ ಈವತ್ತಿನವರೆಗೆ ಆ ಮನೆಯಿಂದ ಒಬ್ಬ ಅತಿಥಿಯೂ ಮುನಿಸಿಕೊಂಡು ಹೋದದ್ದಿಲ್ಲ. ಅಜ್ಜಿ ಮರದಡಿ ಚಾಪೆ ಹಾಸಿಸಿ ಎಲ್ಲರನ್ನೂ ಕೂರಿಸಿದಳು.

“ಯಾರ್ಯಾರು ಏನೇನು ಮಾಡಿದ್ರಿ? ಬಾಯಿ ಬಿಡಿ.”

ಅಸ್ತು ತಲೆಗೆ ಕಟ್ಟಿದ ಬಟ್ಟೆಯನ್ನು ಎರಡು ಸಲ ಸರಿಮಾಡಿಕೊಂಡಳು. “ಅವಳ ಘಮಘಮಾ ಸೋಪು... ನಾನೇ ಅತ್ತೆ. ಒಂದೇ ಸಲ.”

“ಒಂದೇ ಸಲಕ್ಕೆ ಎಲೆ ಥರ ತೆಳ್ಳಗಾಯ್ತಾ?” ಎಂದ ಲತೀರ್.

“ನೀನು ಸುಮ್ನಿರಪ್ಪ ಮೈದುನ. ಮೊನ್ನೆ ಮದುವೆಗೆ ಅವಳ ಕೆಂಪು ಸ್ವೆಟರ್ ಹಾಕ್ಕೊಂಡು ಮೆರೆದೋರು ಯಾರು?”

ಲತೀರ್ ನೆಲ ನೋಡಿದ. “ಚಳಿ ಇತ್ತು.”

“ಮೇ ತಿಂಗಳಲ್ಲಾ?”

ಅಲ್ಲಿಗೆ ಕಟ್ಟೆ ಒಡೆಯಿತು. ಎಲ್ಲರೂ ಒಂದೇ ಪರಾತದ ಸುತ್ತ ಕೂತು ಉಣ್ಣುವಾಗ, ಸಾತುವಿನ ಮುಂದಿದ್ದ ಮೀನಿನ ತುಂಡನ್ನು ಅನ್ನದ ಅಡಿಯಿಂದಲೇ ತನ್ನ ಕಡೆಗೆ ಎಳೆದುಕೊಂಡೆ ಎಂದು ಒಬ್ಬಳು ಅತ್ತಳು. ಅವಳ ಟಿಪ್ಪಣಿ ಪುಸ್ತಕದ ಹಾಳೆ ಹರಿದು ಕಡಲೇಕಾಯಿ ಪೊಟ್ಟಣ ಕಟ್ಟಿದೆ ಎಂದು ಇನ್ನೊಬ್ಬಳು. “ಖಾಲಿ ಹಾಳೆ ತಾನೇ?” ಎಂದು ಅಜ್ಜಿ ಕೇಳಿದ್ದಕ್ಕೆ ಅವಳು, “ಮೊದಮೊದಲು ಖಾಲೀದೇ” ಎಂದಳು. ಎದೆಹಾಲು ಕುಡಿಯುವ ಮಗುವೊಂದನ್ನು ಬಿಟ್ಟು ಮಿಕ್ಕವರೆಲ್ಲರ ತಪ್ಪು ಕೇಳುವ ಹೊತ್ತಿಗೆ ಅಜ್ಜಿಗೆ ಬೆವರು ಇಳಿಯುತ್ತಿತ್ತು. ಹಬ್ಬದ ಬಟ್ಟೆ ಉಟ್ಟು, ಕುದುರೆಗಾಡಿ ಹತ್ತಿ, ಒಬ್ಬಳೇ ಕಾಲೇಜಿಗೆ ಹೊರಟಳು.

ಹನ್ನೊಂದಕ್ಕೆ ಸಾತು ಗೇಟಿನಿಂದ ಹೊರಗೆ ಬಂದರೆ, ಎದುರಿಗೇ ಅಜ್ಜಿ! ಓಡಿಬಂದು ಮೊಣಕಾಲು ಬಗ್ಗಿಸಿ ಕೈ ಹಿಡಿದುಕೊಂಡಳು.

“ಶಾಂತಿಯಿಂದ ಎದ್ರಾ ಅಜ್ಜಿ?”

“ಶಾಂತಿ ಎಲ್ಲಿ ಉಳಿಸ್ದೆ ತಾಯಿ! ನಮ್ಮನೆ ಬಿಟ್ಟು ಮಾತ್ರ ಹೋಗ್ಬೇಡ. ಹೊಸ ಸೋಪು ತರಿಸ್ತೀನಿ. ಸ್ವೆಟರ್ ಒಗೆದು ಹಾಕಿಸಿದೀನಿ.”

“ಯಾವ ಸೋಪು? ಯಾವ ಸ್ವೆಟರ್?” ಸಾತು ಕಣ್ಣು ಕಣ್ಣು ಬಿಟ್ಟಳು. “ಪರೀಕ್ಷೆ ಇತ್ತು ಅಜ್ಜಿ. ಎಲ್ಲರನ್ನೂ ಮಾತಾಡಿಸ್ತಾ ನಿಂತಿದ್ರೆ ಈವತ್ತೂ ಬಾಗಿಲು ಹಾಕ್ಬಿಡೋರು. ಅದಕ್ಕೇ ಕದ್ದು ಬಂದೆ. ತಪ್ಪಾಯ್ತು. ಚೆನ್ನಾಗಿ ಬರೆದಿದೀನಿ, ವರ್ಷ ಉಳೀತು.”

“ಹಂಗಾದ್ರೆ ಯಾರ ಮೇಲೂ ಕೋಪ ಇಲ್ಲ?”

“ಒಬ್ಬರ ಮೇಲೂ ಇಲ್ಲ.”

ಅಜ್ಜಿ ಎರಡೂ ಕೈಯೆತ್ತಿ ದೇವರನ್ನು ನೆನೆದಳು. ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಗಾಡಿ ಹೊರಟಿತು. ದಾರಿಯುದ್ದಕ್ಕೂ ಅಜ್ಜಿ ಬೆರಳು ಮಡಚುತ್ತ ಏನೋ ಲೆಕ್ಕ ಹಾಕುತ್ತಿದ್ದಳು. ಮನೆಯ ತಿರುವು ಕಾಣಿಸಿತು. ಬಾಗಿಲಲ್ಲಿ ಅಷ್ಟೂ ಜನ ಕೈಕಟ್ಟಿ, ತಲೆತಗ್ಗಿಸಿ ಸಾಲಾಗಿ ನಿಂತಿದ್ದರು. ಅಜ್ಜಿ ಗಾಡಿಯವನ ಬೆನ್ನು ತಟ್ಟಿ ನಿಲ್ಲಿಸಿದಳು. ಸಾತುವಿನ ಕಿವಿಯ ಹತ್ತಿರ ಬಾಗಿದಳು.

“ಮಗಳೇ, ಇನ್ನೆರಡು ದಿನ ಮುಖ ಊದಿಸ್ಕೊಂಡೇ ಇರು. ಹೋದ ವರ್ಷ ನನ್ನ ಬಿಳೀ ಹುಂಜ ಯಾರ ಹೊಟ್ಟೆ ಸೇರ್ತು ಅಂತ ಇನ್ನೂ ಒಬ್ರೂ ಬಾಯಿ ಬಿಟ್ಟಿಲ್ಲ.”